ಗುಳಿಗೆಯನ್ನು ಬಚ್ಚಿಡಬೇಡಿರಿ

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಈ ಸ್ಮರಣ ಸಂಚಿಕೆಯಲ್ಲಿ ಪರೀಕ್ಷೆ ಬಹುಮಾನಗಳ ವೃತ್ತಾಂತವನ್ನು ಎದುರುನೋಡುವರೆಂಬುದನ್ನು ಬಲ್ಲೆವು. ಆದಾಗ್ಯೂ ಈ ಸಾರೆ ಒಂದು ಸಣ್ಣ ಗುಳಿಗೆಯ ವಿಷಯವಾಗಿ ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇವೆ.

ಕೆಲವು ವರ್ಷಗಳ ಹಿಂದೆ ಗಜೇಂದ್ರಗಡದ ಕಡೆಯಿಂದ ಒಬ್ಬ ಹುಡುಗಿಯು ನಮ್ಮ ಎಂಟನೆಯ ತರಗತಿಗೆ ಬಂದಳು. ಮೊದಲು ಎಲ್ಲವೂ ನೆಟ್ಟಗಿತ್ತು. ತರುವಾಯ ಪಾಠದ ನಡುವೆ ತೂಕಡಿಕೆ, ಕೇಳಿದ ಪ್ರಶ್ನೆಗೆ ಬಹಳ ಹೊತ್ತಿನ ಮೇಲೆ ಉತ್ತರ, ಗೆಳತಿಯರಿಂದ ದೂರ ಕೂಡ್ರುವುದು ಕಾಣಿಸಿಕೊಂಡವು. ನಾವು ಇದನ್ನು ಸೋಮಾರಿತನವೆಂದೆಣಿಸಿ ಎಲ್ಲರೆದುರಿಗೆ ಗದರಿಸಿದೆವು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಡೆಗೊಂದು ದಿನ ತಾಯಿಯು ಒಬ್ಬರೇ ಬಂದು, ಬಾಗಿಲು ಮುಚ್ಚಿಸಿ, ಮಗಳಿಗೆ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿಯ ಕೊರತೆ ಉಂಟೆಂದು ತಿಳಿಸಿದರು. ಅಕ್ಕನನ್ನು ನೋಡಲು ಗಂಡಿನವರು ಬರುವವರಿದ್ದರು. ಗುಳಿಗೆಯ ಡಬ್ಬಿಯು ಅವರ ಕಣ್ಣಿಗೆ ಬೀಳಬಾರದೆಂದು ಅಜ್ಜಿಯು ಅದನ್ನು ಜೋಳದ ಚೀಲಗಳ ಹಿಂದೆ ಇಟ್ಟರಂತೆ. ಗಂಡಿನವರು ಬಂದುಹೋದರೂ ಡಬ್ಬಿಯು ಹೊರಗೆ ಬರಲಿಲ್ಲ.

ಕೊರಳಲ್ಲಿರುವ ಈ ಗ್ರಂಥಿಯು ಥೈರಾಕ್ಸಿನ್ ಎಂಬ ರಸವನ್ನು ರಕ್ತಕ್ಕೆ ಕೊಡುತ್ತದೆ. ಮೊದಲ ಎರಡು ಮೂರು ವರ್ಷ ಮಿದುಳಿನ ಬೆಳವಣಿಗೆಯು ಇದನ್ನು ಅವಲಂಬಿಸಿರುತ್ತದೆ. ರಸವು ಸಾಲದ ಕೂಸು ಬಹಳ ನಿದ್ರಿಸುವದು, ಅಳುವದು ಕಡಿಮೆ. ‘ಎಂಥ ಶಾಣ್ಯಾ ಕೂಸು’ ಎಂದು ಮನೆಯವರು ಹಿಗ್ಗುತ್ತಾರೆ! ಕಾಮಾಲೆಯು ವಾರಗಟ್ಟಲೆ ಇಳಿಯದಿರುವದೂ ಮಲಬದ್ಧತೆಯೂ ಇದರ ಲಕ್ಷಣಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಐದು ಪಟ್ಟಣಗಳಲ್ಲಿ ಲಕ್ಷಕ್ಕೆ ಮಿಕ್ಕಿದ ಕೂಸುಗಳನ್ನು ಪರೀಕ್ಷಿಸಲಾಗಿ ಸುಮಾರು 1130ಕ್ಕೆ ಒಂದರಲ್ಲಿ ಈ ಕೊರತೆ ಕಂಡಿತು. ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಇದನ್ನು ಪತ್ತೆಮಾಡುವ ಪದ್ಧತಿಯು 1970ರ ದಶಕದಲ್ಲಿಯೇ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಆರಂಭವಾಯಿತು. ಎರಡು ವಾರಗಳೊಳಗೆ ಔಷಧ ಸಿಕ್ಕಿದರೆ ಬಹುತೇಕ ಮಕ್ಕಳ ಬುದ್ಧಿಯು ಇತರರಂತೆಯೇ ಬೆಳೆಯುವದು. ತಿಂಗಳುಗಳು ಕಳೆದರೆ ಆದ ಹಾನಿಯು ಪೂರ್ಣವಾಗಿ ತುಂಬಿಬರುವದಿಲ್ಲ. ಆದಕಾರಣ ರೋಣ ನರಗುಂದಗಳ ಬಾಣಂತಿಯರು ಆಸ್ಪತ್ರೆಯಿಂದ ಹೊರಡುವ ಮುಂಚೆ ಈ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳತಕ್ಕದ್ದು. ಉಪ್ಪು ಬದಲಿಸಿದರೆ ಸಾಕೆನ್ನುವವರುಂಟು. ಗ್ರಂಥಿಯೇ ಇಲ್ಲದ ಮಗುವಿಗೆ ಉಪ್ಪು ಏನು ಮಾಡೀತು?

ನಡತೆಯ ವಿಷಯದಲ್ಲಿ ನಾವು ತಡವಾಗಿ ಕಲಿತದ್ದು ಇದು. ಔಷಧವು ಕಡಿಮೆಯಾದರೆ ಮಗುವು ಮಂಕಾಗುವದು, ಮಾತು ಬಿಡುವದು. ಹೆಚ್ಚಾದರೆ ಚಡಪಡಿಸುವದು, ನಿದ್ರೆಗೆಡುವದು. ಸಕಾಲದಲ್ಲಿ ಉಪಚಾರ ಪಡೆದವರಲ್ಲಿಯೂ ಕೆಲವರಿಗೆ ಲಕ್ಷ್ಯವಿಟ್ಟು ಕೂಡ್ರುವದು, ನೆನಪಿಟ್ಟುಕೊಳ್ಳುವದು ತುಸು ಕಷ್ಟ. ಹರೆಯದಲ್ಲಿ ಅಳುಕು ಸಂಕೋಚಗಳು ಹೆಚ್ಚು. ಇಂಥವಳ ನಡತೆ ಏಕಾಏಕಿ ಬದಲಾದರೆ ಬೈಗುಳಕ್ಕಿಂತ ಮೊದಲು ರಕ್ತಪರೀಕ್ಷೆಯಾಗಲಿ. ಇನ್ನು ಗುಟ್ಟಿನ ಮಾತು: ತನ್ನ ಔಷಧವನ್ನು ಹಿರಿಯರು ಕಳ್ಳಮಾಲಿನಂತೆ ಅಡಗಿಸುವದನ್ನು ಕಂಡ ಹುಡುಗಿಯು ತನ್ನನ್ನೇ ಒಂದು ಕಳಂಕವೆಂದು ತಿಳಿಯುತ್ತಾಳೆ. ಔಷಧ ಪಡೆಯುವ ಮಗುವಿಗೆ ರೋಗಕ್ಕಿಂತ ಈ ಗುಟ್ಟೇ ಹೆಚ್ಚು ಕೇಡು ಮಾಡುವದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಗುಳಿಗೆಯನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೀರಿನೊಡನೆ, ಚಹಾಕ್ಕಿಂತ ಅರ್ಧ ತಾಸು ಮುಂಚೆಯಾದರೂ ಕೊಡಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಹಂಚುವ ಕಬ್ಬಿಣಾಂಶದ ಗುಳಿಗೆಗೂ ಇದಕ್ಕೂ ನಾಲ್ಕು ತಾಸಿನ ಅಂತರವಿರಬೇಕು. ನೀವು ತಿಳಿಸದಿದ್ದರೆ ನಮ್ಮ ಶಿಕ್ಷಕಿಯರಿಗೆ ಹೇಗೆ ಗೊತ್ತಾಗಬೇಕು?

ಆ ಹುಡುಗಿಯು ಔಷಧ ಮೊದಲಾದ ಎರಡು ಮೂರು ತಿಂಗಳಲ್ಲಿ ಮುಂದಿನ ಬೆಂಚಿಗೆ ತಾನಾಗಿಯೇ ಬಂದಳು. ಅಂದಿನಿಂದ ನಮ್ಮ ಪ್ರವೇಶಪತ್ರದಲ್ಲಿ ದಿನವೂ ತಕ್ಕೊಳ್ಳುವ ಔಷಧಕ್ಕೆಂದು ಒಂದು ಸಾಲು ಇಟ್ಟಿದ್ದೇವೆ. ಹೋದ ಜೂನದಲ್ಲಿ ಕೆಲವೇ ತಾಯಂದಿರು ಅದನ್ನು ತುಂಬಿದರು. ನರಗುಂದದವರೊಬ್ಬರು ಉಳಿದದ್ದನ್ನೆಲ್ಲ ಮಸಿಯಿಂದ ಬರೆದು, ಆ ಸಾಲನ್ನು ಮಾತ್ರ ಪೆನ್ಸಿಲಿನಿಂದ ಬರೆದಿದ್ದರು.