ಪೆಟ್ಟಿಗೆ ಮಾಡೋದು ಕಾರ್ಪೆಂಟರ್ ಕೆಲಸವಂತೆ!

ಹೋದ ತಿಂಗಳು ಅಕ್ಕನ ಮಗ ಮುಖ ಬಾಡಿಸಿಕೊಂಡು ಮನೆಗೆ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. ಮಿನಿ ಪ್ರಾಜೆಕ್ಟಿಗೆ ಅಂತ ಎರಡು ತಿಂಗಳು ಕೂತು ಪಾರದರ್ಶಕ ಅಕ್ರಿಲಿಕ್ ಶೀಟಿನಲ್ಲಿ ಒಂದು ಕಂಪ್ಯೂಟರ್ ಕ್ಯಾಬಿನೆಟ್ ಮಾಡಿದ್ದ. ಅಳತೆ ತೆಗೆದದ್ದು, ಕತ್ತರಿಸಿದ್ದು, ತೂತು ಕೊರೆದದ್ದು, ಅಂಟಿಸಿದ್ದು ಎಲ್ಲ ಅವನೇ. ಕಾಲೇಜಿಗೆ ಹೊತ್ತುಕೊಂಡು ಹೋಗಿ ತೋರಿಸಿದರೆ ಗೈಡ್ ಸಾಹೇಬರು ಒಂದು ಸಲ ನೋಡಿ, "ಇದು ಕಾರ್ಪೆಂಟರ್ ಕೆಲಸ ಕಣಯ್ಯ, ಇಂಜಿನಿಯರಿಂಗ್ ಎಲ್ಲಿದೆ ಇದ್ರಲ್ಲಿ? ಬೇರೆ ಏನಾದ್ರೂ ತಗೊಂಡ್ ಬಾ" ಅಂದರಂತೆ.

ಗಮನಿಸಿ... "ಮಾಡ್ಕೊಂಡ್ ಬಾ" ಅನ್ನಲಿಲ್ಲ, "ತಗೊಂಡ್ ಬಾ" ಅಂದರು. ಅವನ ಪಕ್ಕದ ಬೆಂಚಿನವರು ನಿಜವಾಗಿಯೂ ತಗೊಂಡೇ ಬಂದಿದ್ದರು. ದುಡ್ಡು ಕೊಟ್ಟರೆ ಪ್ರಾಜೆಕ್ಟು, ಅದರ ರಿಪೋರ್ಟು, ವೈವಾದಲ್ಲಿ ಏನು ಉತ್ತರ ಹೇಳಬೇಕು ಅನ್ನೋ ಚೀಟಿ, ಎಲ್ಲ ಒಂದೇ ಕವರಿನಲ್ಲಿ ಸಿಗುತ್ತೆ. ಅದು ಪಾಸು. ಇವನು ಕೈಯಾರೆ ಮಾಡಿದ್ದು ಕಾರ್ಪೆಂಟರ್ ಕೆಲಸ!

ಆ ಮೇಷ್ಟ್ರ ಮೇಲೆ ನನಗೆ ವೈಯಕ್ತಿಕವಾಗಿ ಏನೂ ದ್ವೇಷ ಇಲ್ಲ. ಆದರೆ ಆ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿದೆ. ಇಲ್ಲಿ ಕಕ್ಕಿಬಿಡ್ತೀನಿ, ಸಹಿಸಿಕೊಳ್ಳಿ.

ಮೊದಲು ಆ "ಕಾರ್ಪೆಂಟರ್ ಕೆಲಸ"ದೊಳಗೆ ಏನೇನಿದೆ ನೋಡೋಣ. ಒಂದು ಎಟಿಎಕ್ಸ್ ಮದರ್‌ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಅದನ್ನು ಹಿಡಿದುಕೊಳ್ಳೋದಕ್ಕೆ ಒಂಬತ್ತು ತೂತು. ಬೋರ್ಡಿನ ತೂತು ಸುಮಾರು 4 ಮಿ.ಮೀ., ಅದರೊಳಗೆ ಹೋಗುವ ಸ್ಕ್ರೂ 3.5 ಮಿ.ಮೀ. ಅಂದರೆ ನೀವು ತಪ್ಪು ಮಾಡೋದಕ್ಕೆ ಉಳಿದಿರೋ ಜಾಗ ಅರ್ಧ ಮಿ.ಮೀ. ಅಷ್ಟೆ. ಎಂಟು ತೂತು ಸರಿಯಾಗಿ ಒಂಬತ್ತನೆಯದು ತಪ್ಪಿತು ಅಂತ ಬಲವಂತವಾಗಿ ಸ್ಕ್ರೂ ತಿರುಗಿಸಿದಿರೋ, ಬೋರ್ಡು ಬಾಗುತ್ತೆ. ಹಿಂದುಗಡೆ ಕೀಬೋರ್ಡು, ಯುಎಸ್‌ಬಿ ಚುಚ್ಚುವ ಕಿಟಕಿ 158.75 x 44.45 ಮಿ.ಮೀ. ಇರಲೇಬೇಕು. 120 ಮಿ.ಮೀ. ಫ್ಯಾನಿನ ಸ್ಕ್ರೂಗಳು 105 ಮಿ.ಮೀ. ದೂರದಲ್ಲೇ ಬರಬೇಕು. ಇದನ್ನೆಲ್ಲ ಪೇಪರ್ ಮೇಲೆ ಬರೆದು ಪಾಸಾಗೋದು ಸುಲಭ. ಶೀಟಿನ ಮೇಲೆ ಬರೆದು ಪಾಸಾಗಿ ನೋಡೋಣ!

ಇನ್ನು ಬಿಸಿ. ಅಕ್ರಿಲಿಕ್ ಬಿಸಿಗೆ ಕಬ್ಬಿಣಕ್ಕಿಂತ ಐದಾರು ಪಟ್ಟು ಜಾಸ್ತಿ ಹಿಗ್ಗುತ್ತೆ. ಅರ್ಧ ಮೀಟರ್ ಶೀಟು 20 ಡಿಗ್ರಿ ಬಿಸಿ ಏರಿದರೆ ಸುಮಾರು 0.7 ಮಿ.ಮೀ. ಬೆಳೆಯುತ್ತೆ. ಹಾಗಾಗಿ ಎರಡು ಶೀಟು ಸೇರುವ ಕಡೆ ಸ್ಕ್ರೂವಿಗೆ ಬಿಗಿಯಾಗಿ ತೂತು ಕೊರೆದರೆ ಒಂದಲ್ಲ ಒಂದು ದಿನ ಮೂಲೆಯಲ್ಲಿ ಬಿರುಕು ಬಿಡುತ್ತೆ. ತೂತು ಸ್ವಲ್ಪ ದೊಡ್ಡದಾಗಿರಬೇಕು, ಮೇಲೆ ವಾಷರ್ ಬೇಕು. ಇದು ನಮ್ಮ ಹುಡುಗನ ಪಠ್ಯಪುಸ್ತಕದಲ್ಲೂ ಇತ್ತು, ಪರೀಕ್ಷೆಯಲ್ಲಿ ಸೂತ್ರ ಬರೆದು ಪೂರ್ತಿ ಅಂಕವನ್ನೂ ತಗೊಂಡಿದ್ದ. ಆದರೆ ಅರ್ಥ ಆಗಿದ್ದು ಮೊದಲನೇ ಶೀಟು "ಟಕ್" ಅಂದಾಗಲೇ.

ಎರಡನೇ ಶೀಟನ್ನು ಫಳಫಳ ಅನ್ನಿಸೋಣ ಅಂತ ಸ್ಪಿರಿಟ್‌ನಲ್ಲಿ ಒರೆಸಿದ. ತೂತುಗಳ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಬಿರುಕು! ಕತ್ತರಿಸುವಾಗ, ಕೊರೆಯುವಾಗ ಪ್ಲಾಸ್ಟಿಕ್ಕಿನೊಳಗೆ ಬಿಗಿತ ಉಳಿದುಕೊಂಡಿರುತ್ತೆ, ಆಲ್ಕೋಹಾಲ್ ತಾಗಿದರೆ ಅದು ಹೀಗೆ ಬಾಯಿ ಬಿಡುತ್ತೆ. ಸೋಪು ನೀರು ಸಾಕಿತ್ತು. ಮೂರನೇ ಶೀಟಿಗೆ ಸರಿಹೋಯ್ತು.

ಗಾಳಿ ಹೇಗೆ ಓಡುತ್ತೆ ಅಂತ ನೋಡೋದಕ್ಕೆ ಮುಂದಿನ ಫ್ಯಾನಿನ ಎದುರು, ಒಂದು ಗೇಣು ದೂರದಲ್ಲಿ ಊದುಬತ್ತಿ ಹಿಡಿದ. ಹೊಗೆ ಒಳಗೆ ಹೋಗಿ, ಪ್ರೊಸೆಸರ್ ಪಕ್ಕ ಸುತ್ತಿ, ಹಿಂದಿನ ಫ್ಯಾನಿನಿಂದ ಹೊರಗೆ ಬರೋದು ಆ ಪಾರದರ್ಶಕ ಗೋಡೆಯಿಂದ ಕಣ್ಣಿಗೆ ಕಾಣ್ತಾ ಇತ್ತು. ಒಂದು ಮೂಲೆಯಲ್ಲಿ ಹೊಗೆ ಸುಮ್ಮನೆ ನಿಂತುಬಿಡ್ತು. ಅಲ್ಲಿದ್ದ ಕೇಬಲ್ಲನ್ನು ಪಕ್ಕಕ್ಕೆ ಕಟ್ಟಿದ ಮೇಲೆ ಓಡಿತು. ಯಾವ ಲ್ಯಾಬಿನಲ್ಲಿ ಇದನ್ನು ತೋರಿಸ್ತಾರೆ, ಹೇಳಿ?

ಪಕ್ಕದಲ್ಲೇ ಕೂತಿದ್ದ ನಮ್ಮಮ್ಮ, ಇಡೀ ಡಬ್ಬಕ್ಕೆ ಇಷ್ಟು ವರ್ಷ "ಸಿಪಿಯು" ಅನ್ನುತ್ತಿದ್ದವರು, "ಹಾಗಾದ್ರೆ ಇದ್ರಲ್ಲಿ ಸಿಪಿಯು ಯಾವ್ದೋ?" ಅಂತ ಕೇಳಿದರು. ಮೊಮ್ಮಗ ಫ್ಯಾನಿನ ಕೆಳಗೆ ಬೆರಳು ತೋರಿಸಿದ. "ಇಷ್ಟೇನಾ!" ಅಂದರು :-)

ಈಗ ನಿಮ್ಮಲ್ಲಿ ತಿಳಿದವರು ತಕರಾರು ತೆಗೀತೀರಿ, ಗೊತ್ತು. ಅಕ್ರಿಲಿಕ್ ಕ್ಯಾಬಿನೆಟ್ ನಿಜವಾಗಿಯೂ ಒಳ್ಳೇದಾ? ಸುಳ್ಳು ಹೇಳಲ್ಲ, ಹಲವು ವಿಷಯದಲ್ಲಿ ಕಬ್ಬಿಣದ ಡಬ್ಬವೇ ವಾಸಿ. ಕಬ್ಬಿಣ ಹತ್ತಿ ಉರಿಯಲ್ಲ, ಅಕ್ರಿಲಿಕ್ ಉರಿಯುತ್ತೆ. ಹಾಗಾಗಿ ಪವರ್ ಸಪ್ಲೈಯನ್ನು ಅದರ ಲೋಹದ ಡಬ್ಬದಿಂದ ಯಾವತ್ತೂ ಹೊರಗೆ ತೆಗೀಬಾರದು. ಅಂಟಿಸೋದಕ್ಕೆ ಬೋರ್ಡ್ ಮಾಡುವವರು ಬಳಸುವ ಕ್ಲೋರೋಫಾರ್ಮ್ ಆರೋಗ್ಯಕ್ಕೆ ಕೆಟ್ಟದ್ದು, ಮುಚ್ಚಿದ ಕೋಣೆಯಲ್ಲಿ ಖಂಡಿತ ಬೇಡ. ಲೋಹದ ಡಬ್ಬ ಕಂಪ್ಯೂಟರಿನ ರೇಡಿಯೋ ಗದ್ದಲವನ್ನು ಒಳಗೇ ಹಿಡಿದಿಡುತ್ತೆ, ಅಕ್ರಿಲಿಕ್ ಹಿಡಿಯಲ್ಲ. ಲೋಹದ ಡಬ್ಬದಲ್ಲಿ ಬೋರ್ಡಿನ ಹಿತ್ತಾಳೆ ಕಾಲುಗಳು ತಾವಾಗಿಯೇ ಅರ್ಥ್ ಆಗಿರುತ್ತವೆ, ಇಲ್ಲಿ ನಾವೇ ತಂತಿ ಎಳೆದು ಪವರ್ ಸಪ್ಲೈ ಮೈಗೆ ಸೇರಿಸಬೇಕು.

ಆದರೆ ನೋಡಿ, ಈ ಒಂದೊಂದು ತಕರಾರೂ ಒಂದೊಂದು ಪಾಠ. ಬೆಂಕಿ, ಅರ್ಥಿಂಗ್, ರೇಡಿಯೋ ಗದ್ದಲ, ಹಿಗ್ಗುವಿಕೆ, ಗಾಳಿಯ ಓಟ... ಇದಕ್ಕೆ ಇಂಜಿನಿಯರಿಂಗ್ ಅನ್ನದೆ ಇನ್ನೇನಂತಾರೆ? ಎಸ್.ಪಿ. ರೋಡಿನಲ್ಲಿ ದುಡ್ಡು ಕೊಟ್ಟು ಡಬ್ಬ ತಂದವನಿಗೆ ಈ ಪ್ರಶ್ನೆಗಳು ಏಳೋದೇ ಇಲ್ಲ. ಯಾರೋ ಎಲ್ಲೋ ಉತ್ತರ ಕಂಡುಹಿಡಿದು, ಬಣ್ಣ ಬಳಿದು, ಮುಚ್ಚಿ ಕಳಿಸಿರ್ತಾರೆ. ಈಗಂತೂ ಪಕ್ಕಕ್ಕೆ ಗಾಜು, ಒಳಗೆ ಬಣ್ಣಬಣ್ಣದ ದೀಪ ಇರೋ ಕ್ಯಾಬಿನೆಟ್ಟುಗಳೇ ಎಲ್ಲೆಲ್ಲೂ. ಒಳಗಿರೋದು ಕಾಣುತ್ತೆ, ಸರಿ. ಕಂಡಿದ್ದೆಲ್ಲ ತಿಳಿದ ಹಾಗಾ?

ಇಷ್ಟು ಹೇಳಿದ ಮೇಲೆ ನನ್ನ ಕಥೆಯನ್ನೂ ಹೇಳಬೇಕು. ಇಲ್ಲದಿದ್ದರೆ ಮೋಸ ಆಗುತ್ತೆ.

2007ರಲ್ಲಿ ನಾನೂ ಒಂದು ಅಕ್ರಿಲಿಕ್ ಪೆಟ್ಟಿಗೆ ಮಾಡಿದ್ದೆ. ಅಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಉಗುರಿನ ಸಂದಿಯಲ್ಲಿ ಕೂತ ಕಪ್ಪು ಗ್ರೀಸು ಭಾನುವಾರವೂ ಹೋಗ್ತಿರಲಿಲ್ಲ. ಹಾಲ್‌ನಲ್ಲಿ ಪೇಪರ್ ಹಾಸಿ ನಾನು ಶೀಟು ಗೀರುತ್ತಾ ಕೂತಿದ್ದನ್ನು ನೋಡಿ ಅವರು ಅಂದಿದ್ದೇನು ಗೊತ್ತಾ? "ಇದಕ್ಕಾ ನಿನ್ನ ಇಂಜಿನಿಯರಿಂಗ್ ಓದ್ಸಿದ್ದು?"

ಮೇಷ್ಟ್ರು ಅಂದ ಮಾತೇ. ಆದರೆ ಒಂದೇ ಅಲ್ಲ. ಅಪ್ಪ ಆ ಮಾತಿಗೆ ಮೂವತ್ತು ವರ್ಷ ತಮ್ಮ ಕೈಯನ್ನೇ ಬೆಲೆ ಕೊಟ್ಟಿದ್ದರು. ಕೈ ಕಪ್ಪಾದವನಿಗೆ ಈ ಊರಲ್ಲಿ ಎಷ್ಟು ಮರ್ಯಾದೆ ಅಂತ ಅವರಿಗೆ ಗೊತ್ತಿತ್ತು, ಮಗನಿಗೆ ಅದು ಬೇಡ ಅನ್ನಿಸಿತ್ತು. ಮೇಷ್ಟ್ರು ಏನು ಬೆಲೆ ಕೊಟ್ಟಿದ್ದಾರೆ?

ನನ್ನ ಡ್ರಿಲ್ ಬಿಟ್ ಶೀಟನ್ನು ಕಚ್ಚಿ ಎಳೆದು ಮೂಲೆ ಚೂರಾದಾಗ ಅಪ್ಪ ಏನೂ ಮಾತಾಡದೆ ಎದ್ದು ಹೋದರು. ಮಾರನೇ ದಿನ ಸಂಜೆ ಡ್ಯೂಟಿ ಮುಗಿಸಿ ಬಂದು ಜೇಬಿನಿಂದ ಒಂದು ಬಿಟ್ ತೆಗೆದು ಕೊಟ್ಟರು. ಅದರ ಅಂಚನ್ನು ಗ್ರೈಂಡರ್‌ಗೆ ಹಿಡಿದು ಮೊಂಡ ಮಾಡಿ ತಂದಿದ್ದರು. "ಇದು ಕಬ್ಬಿಣ ಅಲ್ಲ. ಬಿಟ್ಟು ಕಚ್ಬಾರ್ದು, ಕೆರೀಬೇಕು. ಕೆಳಗೊಂದು ಮರದ ತುಂಡು ಇಡು, ಮೇಲಿಂದ ಒತ್ಬೇಡ." ಅಷ್ಟೇ ಹೇಳಿದ್ದು. ಒಂಬತ್ತು ತೂತೂ ಸಲೀಸಾಗಿ ಬಂದವು. ನಾಲ್ಕು ವರ್ಷದ ಡಿಗ್ರಿಯಲ್ಲಿ ಯಾರೂ ಹೇಳಿಕೊಡದ್ದನ್ನು ಅವರು ಮೂರು ವಾಕ್ಯದಲ್ಲಿ ಹೇಳಿದರು. (ಕಂಪ್ಯೂಟರ್ ಹಾಕಿದಾಗೆಲ್ಲ ಅವರ ರೇಡಿಯೋ ಗರಗರ ಅಂತಿತ್ತು. ಬೋರ್ಡಿನ ಹಿಂದೆ ಅಲ್ಯೂಮಿನಿಯಂ ತಗಡು ಕೊಟ್ಟು ಅರ್ಥ್ ಮಾಡಿದ ಮೇಲೂ ಪೂರ್ತಿ ಹೋಗಲಿಲ್ಲ. ಪ್ರದೇಶ ಸಮಾಚಾರದ ಹೊತ್ತಿಗೆ ಕಂಪ್ಯೂಟರ್ ಆರಿಸೋದು ಅಂತ ರಾಜಿ ಆಯ್ತು.)

ಇನ್ನೊಂದು ತಪ್ಪೊಪ್ಪಿಗೆ. ಮೊದಲನೇ ವರ್ಷ ನಮಗೆ ವರ್ಕ್‌ಶಾಪ್ ಲ್ಯಾಬ್ ಇತ್ತು. ಎರಡು ಕಬ್ಬಿಣದ ತುಂಡನ್ನು ಅರದಲ್ಲಿ ಉಜ್ಜಿ ಒಂದರೊಳಗೊಂದು ಕೂರುವ ಹಾಗೆ ಮಾಡಬೇಕು. ನಾನು ಮಾಡಲಿಲ್ಲ. ಎಲ್ಲರ ಹಾಗೆ ಅಟೆಂಡರ್ ಕೈಗೆ ಐವತ್ತು ರೂಪಾಯಿ ಇಟ್ಟು ಮಾಡಿಸಿದೆ. ಆ ತುಂಡಿಗೆ ಅಂಕ ಬಿದ್ದಿದ್ದು ನನಗೆ. ಮಾಡಿದ ಕೈಗೆ ಐವತ್ತು ರೂಪಾಯಿ, ಮಾಡದ ಕೈಗೆ ಡಿಗ್ರಿ. ಟರ್ನರ್ ಮಗನಾಗಿ ನಾನೇ ಹೀಗೆ ಮಾಡಿದ ಮೇಲೆ ಆ ಮೇಷ್ಟ್ರನ್ನು ಮಾತ್ರ ಬೈದು ಏನು ಪ್ರಯೋಜನ?

ರೋಗ ನಮ್ಮೆಲ್ಲರದ್ದು. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕ್ತೀವಿ. ಆಯುಧಪೂಜೆ ದಿನ ಸುತ್ತಿಗೆ, ಸ್ಪ್ಯಾನರ್, ಕೀಬೋರ್ಡು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಕೈ ಮುಗೀತೀವಿ. ಮಾರನೇ ದಿನ ಆ ಸುತ್ತಿಗೆ ಹಿಡಿದು ಬಾಗಿಲಿಗೆ ಬಂದವನನ್ನು ಏಕವಚನದಲ್ಲಿ ಕರೀತೀವಿ, ಅವನಿಗೆ ಕೊಡೋ ಲೋಟವನ್ನು ಬೇರೆ ಇಡ್ತೀವಿ. ಆಯುಧಕ್ಕೆ ಪೂಜೆ, ಹಿಡಿದವನಿಗೆ ಹೊಸ್ತಿಲಾಚೆ. "ಇದು ಕಾರ್ಪೆಂಟರ್ ಕೆಲಸ" ಅನ್ನೋದು ಬೈಗುಳ ಆಗಿದ್ದು ಇಲ್ಲಿಂದಲೇ. ಆ ಮಾತಿನಲ್ಲಿ ಅವಮಾನ ಆಗಿದ್ದು ನಮ್ಮ ಹುಡುಗನಿಗಲ್ಲ, ಕಾರ್ಪೆಂಟರ್‌ಗೆ.

ಅಂದ್ಹಾಗೆ, ನನ್ನ 2007ರ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ. ಮೈತುಂಬ ಗೀರು, ಆದರೆ ಹಳದಿಯಾಗಿಲ್ಲ. ಹುಡುಗ ಕುತೂಹಲಕ್ಕೆ ಅದನ್ನು ಇಳಿಸಿ ತನ್ನ ಸೆಕೆಂಡ್‌ಹ್ಯಾಂಡ್ ಎಟಿಎಕ್ಸ್ ಬೋರ್ಡನ್ನು ಇಟ್ಟು ನೋಡಿದ. ಒಂಬತ್ತಕ್ಕೆ ಒಂಬತ್ತೂ ತೂತು ಕೂತವು. ಎಟಿಎಕ್ಸ್ ಅಳತೆ 1995ರದ್ದು, ಪ್ರೊಸೆಸರುಗಳು ಎಷ್ಟೋ ತಲೆಮಾರು ಬದಲಾದರೂ ತೂತಿನ ಜಾಗ ಬದಲಾಗಿಲ್ಲ. ಅಪ್ಪ ಮೊಂಡ ಮಾಡಿ ಕೊಟ್ಟ ಆ ಬಿಟ್ ಕೂಡ ಸಿಕ್ಕಿತು. ಈಗ ಅದು ಅವನ ಹತ್ತಿರ ಇದೆ.

ಹೋಗುವಾಗ ಅವನು ಕೇಳಿದ, "ಮಾವ, ಸುಮ್ನೆ ಒಂದು ರೆಡಿಮೇಡ್ ತಗೊಂಡ್ಬಿಡ್ಲಾ? ಮಾರ್ಕ್ಸ್ ಬೇಕಲ್ಲ."

"ಬೇಡ" ಅಂತ ದೊಡ್ಡದಾಗಿ ಹೇಳೋ ನೈತಿಕತೆ ನನಗಿರಲಿಲ್ಲ. ಐವತ್ತು ರೂಪಾಯಿ ನೆನಪಾಯ್ತು. "ಒಡೆದ ಎರಡು ಶೀಟನ್ನೂ ತಗೊಂಡು ಹೋಗು. ಯಾಕೆ ಒಡೀತು, ಮೂರನೆಯದು ಯಾಕೆ ಒಡೀಲಿಲ್ಲ ಅಂತ ಎರಡು ಪುಟ ಬರೆದು ಅದನ್ನೂ ಕೊಡು. ಆಮೇಲೂ ಕಾರ್ಪೆಂಟರ್ ಕೆಲಸ ಅಂದ್ರೆ, ಥ್ಯಾಂಕ್ಸ್ ಸಾರ್ ಅನ್ನು" ಅಂದೆ.

ಸೋಮವಾರ ಹೋಗ್ತಾನೆ. ಏನಾಯ್ತು ಅಂತ ಇಲ್ಲೇ ಬರೀತೀನಿ. ಅಷ್ಟರಲ್ಲಿ ನೀವೂ ಹೇಳಿ, ನಿಮ್ಮ ಕೈಯಾರೆ ಕೊನೇ ಸಲ ಏನು ಮಾಡಿದಿರಿ? ಒಡೆದಿದ್ದರೂ ಪರವಾಗಿಲ್ಲ, ಯಾಕೆ ಒಡೀತು ಅಂತ ಹೇಳಿ, ಸಾಕು.