ಸದ್ದು ಮಾಡುವ ಮೆಟ್ಟಿಲು



ಅಡುಗೆಮನೆಯ ಸದ್ದುಗಳನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಒಗ್ಗರಣೆಯ ಸಾಸಿವೆ ಸಿಡಿದದ್ದು ಸಾಕೋ ಇನ್ನೂ ಬೇಕೋ, ಕುಕ್ಕರಿನ ತಳದಲ್ಲಿ ನೀರು ಮುಗಿಯುತ್ತಾ ಬಂತೋ, ಮಿಕ್ಸಿಯ ಬ್ಲೇಡು ಸಡಿಲವಾಯಿತೋ, ಎಲ್ಲವನ್ನೂ ಹಜಾರದಲ್ಲಿ ಕೂತೇ ಹೇಳಿಬಿಡುತ್ತೇವೆ. ಆದರೆ ಅಂಗಳದಲ್ಲಿ ನಿಂತ ಗಾಡಿ ಸದ್ದು ಮಾಡಿದರೆ ಮಾತ್ರ "ಅದೆಲ್ಲಾ ಗಂಡಸರ ವಿಷಯ" ಎಂದು ಸುಮ್ಮನಾಗುತ್ತೇವೆ. ನಾನೂ ಹಾಗೇ ಸುಮ್ಮನಿದ್ದೆ. ಅದರಿಂದ ಏನಾಯಿತು ಅಂತ ಈ ಸಲ ಹೇಳುತ್ತೇನೆ.

ನಮ್ಮದು ಅಡಿಕೆ ತೋಟದ ಮನೆ. ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನು ತುಂಬುವ ತೊಟ್ಟಿ ಇರುವ ಒಂದು ಪಿಕಪ್ ಗಾಡಿ ಇದೆ. ಗೊಬ್ಬರಕ್ಕೂ ಅದೇ, ಮದುವೆ ಮುಂಜಿಗೂ ಅದೇ. ಇಂಥ ಗಾಡಿಗಳು ಎತ್ತರ. ಹತ್ತಿ ಇಳಿಯುವುದಕ್ಕೆ ಬಾಗಿಲ ಕೆಳಗೆ ಉದ್ದಕ್ಕೂ ಒಂದು ಪಟ್ಟಿ ಇರುತ್ತದಲ್ಲ, ಅದೇ ಫುಟ್‌ಬೋರ್ಡು. ಇದೇನೂ ಹೊಸದಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೂ ಇತ್ತು. ಕಾರುಗಳು ತಗ್ಗಾದ ಮೇಲೆ ಅವಕ್ಕೆ ಅದು ಬೇಡವಾಯಿತು. ಪಿಕಪ್ಪು ಜೀಪುಗಳಿಗೆ ಮಾತ್ರ ಇವತ್ತಿಗೂ ಬೇಕು.

ನಮ್ಮ ಗಾಡಿಯ ಎಡಗಡೆ ಫುಟ್‌ಬೋರ್ಡು ಹೋದ ಮಳೆಗಾಲ ಕಳೆದ ಮೇಲೆ ಸದ್ದು ಶುರುಮಾಡಿತು. ಗುಂಡಿ ಬಿದ್ದ ರಸ್ತೆಯಲ್ಲಿ ಕಟಕಟ, ಕಾಲಿಟ್ಟರೆ ಕಿರ್ ಎನ್ನುವ ಕೂಗು. "ಅಲ್ರೀ, ಅದೇನು ಸದ್ದು ನೋಡಬಾರದಾ?" ಅಂದರೆ ನಮ್ಮ ಯಜಮಾನರು, "ಗಾಡಿ ಅಂದ್ಮೇಲೆ ಸದ್ದು ಮಾಡದೆ ಇರತ್ತೇನೆ?" ಎಂದು ಹಾಡಿನ ಸದ್ದು ಜೋರು ಮಾಡಿದರು. ನಾಲ್ಕು ದಿನ ಇದೇ ವಿಷಯಕ್ಕೆ ನಮ್ಮಿಬ್ಬರಿಗೂ ಕಿರಿಕಿರಿ. ಆಮೇಲೆ ನನ್ನ ಕಿವಿಗೂ ಅಭ್ಯಾಸವಾಯಿತು.

ಅದೇ ಹೊತ್ತಿಗೆ ನಮ್ಮತ್ತೆ ಪೇಟೆಗೆ ಬರುವುದನ್ನು ನಿಲ್ಲಿಸಿದರು. ವಾರಕ್ಕೊಂದು ಸಲ ದೇವಸ್ಥಾನ, ತಂಗಿಯ ಮನೆ ಎಂದು ಹೊರಡುತ್ತಿದ್ದವರು "ಸೊಂಟ ನೋವು, ನೀವು ಹೋಗಿಬನ್ನಿ" ಅನ್ನತೊಡಗಿದರು. ನಾನು ವಯಸ್ಸಾಯಿತು ಅಂದುಕೊಂಡೆ. ಒಂದು ದಿನ ಬಲವಂತ ಮಾಡಿದಾಗ ಮೆಲ್ಲಗೆ ಬಾಯಿಬಿಟ್ಟರು: "ಸೊಂಟ ಅಲ್ಲ ಮಾರಾಯ್ತಿ, ಆ ಮೆಟ್ಲು ಕಾಲಿಟ್ರೆ ಕೂಗತ್ತೆ, ಕೆಳಗೆ ಜಗ್ಗತ್ತೆ. ಬಿದ್ರೆ ನಿಮಗೇ ಕಷ್ಟ ಅಂತ ಹೇಳ್ಲಿಲ್ಲ."

ನನಗೆ ನಾಚಿಕೆಯಾಯಿತು. ನಮಗೆ ಬರೀ ಕಿರಿಕಿರಿಯಾಗಿದ್ದದ್ದು ಆ ಹಿರಿಯ ಜೀವಕ್ಕೆ ಭಯವಾಗಿತ್ತು. ಅವತ್ತು ಮಧ್ಯಾಹ್ನವೇ ಬಗ್ಗಿ ನೋಡಿದೆ. ಪಟ್ಟಿಯನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್ಟುಗಳಲ್ಲಿ ಒಂದರ ನಟ್ಟು ಬಿದ್ದೇ ಹೋಗಿತ್ತು. ಇನ್ನೊಂದರ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು. ಇನ್ನೂ ಸ್ವಲ್ಪ ದಿನ ಹಾಡು ಕೇಳುತ್ತಾ ಕೂತಿದ್ದರೆ ಏನಾಗುತ್ತಿತ್ತೋ!

ಆದ್ದರಿಂದ ಸೋದರಿಯರೇ, ಮೊದಲ ಮಾತು ಇದು: ಸದ್ದನ್ನು ಅಡಗಿಸುವ ಮೊದಲು ಅದು ಎಲ್ಲಿಂದ ಬಂತು ಅಂತ ಹುಡುಕಿ. ಹುಡುಕುವುದಕ್ಕೆ ಮೆಕ್ಯಾನಿಕ್ಕೇ ಬೇಕೆಂದಿಲ್ಲ, ನಮ್ಮ ಕಿವಿ ಸಾಕು.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೀಲಿ ತೆಗೆದು, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾವ ಕಾರಣಕ್ಕೂ ನುಸುಳಬೇಡಿ. ಮೊದಲು ಪಟ್ಟಿಯ ಅಡಿಯ ಕೆಸರನ್ನು ನೀರು ಹಾಕಿ ತೊಳೆಯಿರಿ. ಎಷ್ಟೋ ಸಲ ಒಣಗಿದ ಕೆಸರೇ ಕಿರುಗುಟ್ಟುತ್ತಿರುತ್ತದೆ. ಆಮೇಲೆ ಒಬ್ಬರು ಒಳಗೆ ಕೂತು ಕಿವಿಗೊಡಿ. ಇನ್ನೊಬ್ಬರು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದು ಪಟ್ಟಿಯ ಮುಂದೆ, ನಡುವೆ, ಹಿಂದೆ ನಿಧಾನವಾಗಿ ಭಾರ ಹಾಕಲಿ. ಮುಷ್ಟಿಯಿಂದ ಅಲ್ಲಲ್ಲಿ ಗುದ್ದಿಯೂ ನೋಡಿ. ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಓಡುವಾಗ ಮಾತ್ರ ಬರುವ ಸದ್ದಾದರೆ, ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಲಿ.

ಇನ್ನು ಸದ್ದಿನ ಜಾತಿ ನೋಡೋಣ.

ಕಟಕಟ ಅಂದರೆ ಬಹುಮಟ್ಟಿಗೆ ಸಡಿಲವಾದ ನಟ್ಟು. ಸರಿಯಾದ ಅಳತೆಯ ಸ್ಪ್ಯಾನರಿನಿಂದ ಬಿಗಿ ಮಾಡಿ. ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಹಳೆಯ ನಟ್ಟನ್ನೇ ತಿರುಗಿಸುತ್ತಾ ಕೂರಬೇಡಿ, ಒಳಗೆ ನೈಲಾನ್ ಉಂಗುರವಿರುವ ಹೊಸ ನಟ್ಟು ಹಾಕಿಸಿ. ಶಕ್ತಿ ಇದೆಯೆಂದು ಅತಿಯಾಗಿ ಬಿಗಿದರೆ ಮರೆ ಸವೆದುಹೋಗುತ್ತದೆ, ಪ್ಲಾಸ್ಟಿಕ್ ಸೀಳುತ್ತದೆ. ತುಕ್ಕು ಹಿಡಿದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ.

ಕಾಲಿಟ್ಟಾಗ ಕಿರ್ ಅಂದರೆ ಎರಡು ಭಾಗ ಒಂದಕ್ಕೊಂದು ಉಜ್ಜುತ್ತಿವೆ ಎಂದರ್ಥ. ಉಜ್ಜುವ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಂಟಿಸಬಹುದು. ಆದರೆ ಬೋಲ್ಟು ಬಿಗಿಯುವ ಜಾಗದಲ್ಲೇ ಮೆತ್ತನೆ ರಬ್ಬರ್ ತುರುಕಬೇಡಿ. ರಬ್ಬರ್ ಅದುಮಿಕೊಂಡಂತೆ ಬೋಲ್ಟು ಮತ್ತೆ ಸಡಿಲವಾಗುತ್ತದೆ. ಗಾಡಿಯ ಜೊತೆಗೇ ಬಂದ ರಬ್ಬರ್ ಬುಷ್ ಸವೆದಿದ್ದರೆ ಅದೇ ಅಳತೆಯ ಹೊಸದು ಹಾಕಿಸಿ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಸುರಿಯಬೇಡಿ. ಅದು ಧೂಳನ್ನು ಹಿಡಿದು ಮರಳುಕಾಗದದ ಹಾಗೆ ಕೆಲಸ ಮಾಡುತ್ತದೆ, ಕಾಲಿಡುವ ಕಡೆ ಸೋರಿದರೆ ಜಾರುತ್ತದೆ. ರಬ್ಬರಿಗೆ ಇಂಜಿನ್ ಆಯಿಲ್ಲೂ ಸಲ್ಲದು, ಉಬ್ಬಿ ಹಾಳಾಗುತ್ತದೆ. ಸಿಲಿಕೋನ್ ಸ್ಪ್ರೇ ಒಂದಿಷ್ಟು ಸಾಕು, ಅದೂ ಕಾಲಿಡುವ ಮೇಲ್ಮೈಗೆ ತಾಗದ ಹಾಗೆ.

ಜೋರಾಗಿ ಓಡುವಾಗ ಮಾತ್ರ ಗುಂಯ್ ಎಂದೋ ಸೀಟಿಯಂತೆಯೋ ಕೇಳಿದರೆ ಅದು ಗಾಳಿಯ ಆಟ. ಖಾಲಿ ಸೀಸೆಯ ಬಾಯಿಗೆ ಊದಿದರೆ ಸದ್ದು ಬರುವುದಿಲ್ಲವೇ, ಹಾಗೆ. ಕೊಳವೆಯಂಥ ಪಟ್ಟಿಯಾದರೆ ತುದಿಯ ಮುಚ್ಚಳ ಬಿದ್ದುಹೋಗಿದೆಯೇ ನೋಡಿ. ಬಾಯಿಗೆ ಟೇಪು ಸುತ್ತಿ ಒಂದು ಸುತ್ತು ಹೋಗಿಬನ್ನಿ. ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ, ಮುಚ್ಚಳ ಹಾಕಿಸಿ. ಅಡಿಯಲ್ಲಿ ನೀರು ಇಳಿಯಲು ಬಿಟ್ಟ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ. ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ.

ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಗಿಲಕಿಯಂತೆ ಗಲಗಲ ಅಂದರೆ ಕೊಳವೆಯೊಳಗೆ ಕಲ್ಲು ಸೇರಿರಬಹುದು. ತುದಿಯ ಮುಚ್ಚಳ ತೆಗೆದು ನೀರು ಬಿಟ್ಟು ತೊಳೆಯಿರಿ. ಪಟ್ಟಿಯಲ್ಲಿ ಏನೂ ಸಿಗದಿದ್ದರೆ ಪಕ್ಕದ ಮಡ್‌ಫ್ಲಾಪನ್ನೂ, ಸೈಲೆನ್ಸರಿನ ಮೇಲಿನ ತಗಡನ್ನೂ ಅಲ್ಲಾಡಿಸಿ ನೋಡಿ. ಸದ್ದು ಲೋಹದಲ್ಲಿ ಹರಿದು ಬರುವುದರಿಂದ ಕಿವಿಗೆ ಮೋಸವಾಗುವುದುಂಟು.

ಬ್ರಾಕೆಟ್ಟಿನಲ್ಲಿ ಬಿರುಕು ಕಂಡರೆ, ತುಕ್ಕು ಹಿಡಿದ ಕಬ್ಬಿಣ ಹಪ್ಪಳದಂತೆ ಪದರ ಪದರ ಎದ್ದಿದ್ದರೆ, ಅದು ಮನೆಯ ಕೆಲಸವಲ್ಲ. ಅವತ್ತಿನಿಂದಲೇ ಅದರ ಮೇಲೆ ಕಾಲಿಡುವುದನ್ನು ನಿಲ್ಲಿಸಿ, ಗ್ಯಾರೇಜಿಗೆ ಒಯ್ಯಿರಿ. ಸಾಧ್ಯವಾದರೆ ಹೊಸ ಬ್ರಾಕೆಟ್ಟೇ ಹಾಕಿಸಿ. ಬೆಸುಗೆ ಮಾಡಿಸುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಲು ನೆನಪು ಮಾಡಿ. ಇಲ್ಲವಾದರೆ ಗಾಡಿಯ ಎಲೆಕ್ಟ್ರಾನಿಕ್ ಭಾಗಗಳು ಕೆಡಬಹುದು. ಮೇಲ್ಮೇಲಿನ ತುಕ್ಕಾದರೆ ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಿದರೆ ಸಾಕು. ಕರಾವಳಿಯ ಸೋದರಿಯರು ಇನ್ನಷ್ಟು ಎಚ್ಚರ ವಹಿಸಬೇಕು. ಉಪ್ಪುಗಾಳಿಗೆ ಕಬ್ಬಿಣ ಬೇಗ ತಿನ್ನುತ್ತದೆ. ಕಬ್ಬಿಣದ ಬ್ರಾಕೆಟ್ಟು, ಅಲ್ಯೂಮಿನಿಯಂ ಪಟ್ಟಿ ಜೊತೆಗೂಡಿದ ಕಡೆ ಒದ್ದೆಯಾದರೆ ಅಲ್ಯೂಮಿನಿಯಂ ಕೂಡ ಸವೆಯುತ್ತದೆ.

ಕೊನೆಗೆ ನನ್ನದೊಂದು ಉಪಾಯ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿಗೆ ದಾಟುವಂತೆ ಉಗುರುಬಣ್ಣದಿಂದ ಒಂದು ಗೆರೆ ಎಳೆಯಿರಿ. ತಿಂಗಳಿಗೊಮ್ಮೆ ಗಾಡಿ ತೊಳೆಯುವಾಗ ನೋಡಿ. ಗೆರೆ ನೇರವಾಗಿದ್ದರೆ ಎಲ್ಲ ಕ್ಷೇಮ, ಮುರಿದಿದ್ದರೆ ನಟ್ಟು ತಿರುಗಿದೆ ಅಂತ ತಿಳಿಯಿರಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆ ಇಲ್ಲಿ ಉಗುರುಬಣ್ಣಕ್ಕೂ ಸಲ್ಲುತ್ತದೆ!

ನಮ್ಮ ಗಾಡಿಗೆ ಹೊಸ ಬ್ರಾಕೆಟ್ಟು ಬಂತು. ಯಜಮಾನರು ತಾವೇ ಅದರ ಮೇಲೆ ಎರಡು ಸಲ ಹತ್ತಿ ಇಳಿದು, "ಅಮ್ಮಾ, ಬಾ, ಈಗ ಅಲ್ಲಾಡಲ್ಲ" ಎಂದು ಕರೆದರು. ಅತ್ತೆ ಮೊದಲು ಒಂದೇ ಕಾಲಿಟ್ಟು ಕಿವಿಗೊಟ್ಟರು. ಸದ್ದಿಲ್ಲ. ಇನ್ನೊಂದು ಕಾಲೂ ಇಟ್ಟು ಒಳಗೆ ಕೂತವರು, "ತಂಗಿ ಮನೆಗೂ ಹೋಗ್ಬರೋಣ, ದಾರೀಲೇ ಅಲ್ವಾ?" ಅಂದರು. ತಂಗಿಯ ಮನೆ ದೇವಸ್ಥಾನಕ್ಕೆ ಪೂರ್ತಿ ವಿರುದ್ಧ ದಿಕ್ಕು. ನಾವಿಬ್ಬರೂ ಬಾಯಿಬಿಡದೆ ಹೊರಟೆವು.

ನಿಮ್ಮ ಮನೆಯಲ್ಲೂ ಹಿರಿಯರೊಬ್ಬರು ಕಾರಣ ಹೇಳದೆ ಎಲ್ಲಿಗಾದರೂ ಬರುವುದನ್ನು ನಿಲ್ಲಿಸಿದ್ದರೆ, ಒಮ್ಮೆ ಗಾಡಿಯ ಮೆಟ್ಟಿಲನ್ನು ತಟ್ಟಿ ನೋಡಿ.