ಅಡುಗೆಮನೆ ಮಾತು 4: ಫ್ರಿಡ್ಜ್ ಏನು ಬೀರು ಏನ್ರಪಾ?

ಆನೆಕೊಂಡದ ದೋಸ್ತ್‌ಗಳೇ, ಮನೆ ಫ್ರಿಡ್ಜ್ ತೆಗೆದು ನೋಡ್ರಿ. ಆಲೂಗಡ್ಡೆ, ಈರುಳ್ಳಿ, ಬಾಳೆಹಣ್ಣು ಒಳಗೆ ತಣ್ಣಗೆ ಕೂತಿರ್ತಾವೆ. ಉಳಿದ ಅನ್ನ, ಕಾಯಿಚಟ್ನಿ ಮಾತ್ರ ಹೊರಗೆ! ಇದು ಉಲ್ಟಾ ಆಗ್ಬೇಕು.

ತಂಪಿಗೆ ಆಲೂಗಡ್ಡೆ ಪಿಷ್ಟ ಸಕ್ಕರೆಯಾಗುತ್ತೆ, ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತೆ, ಈರುಳ್ಳಿ ಮೆತ್ತಗಾಗುತ್ತೆ. ಇವಕ್ಕೆ ಗಾಳಿಯಾಡೋ ಬುಟ್ಟಿ ಸಾಕು. ಮಂಡಕ್ಕಿಗೆ ಬಿಗಿ ಮುಚ್ಚಳದ ಡಬ್ಬಿ ಸಾಕು.

ಅನ್ನದ ಕಥೆ ಬೇರೆ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದ್ರೂ ಸಾಯಲ್ಲ. ಅನ್ನ ಹೊರಗೇ ಬಿಟ್ರೆ ಬೆಳೆದು ವಿಷ ಬಿಡ್ತಾವೆ. ಮತ್ತೆ ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ.

ಅದಕ್ಕೇ ಉಳಿದ ಅನ್ನ, ಚಟ್ನಿ 2 ಗಂಟೆಯೊಳಗೆ ಫ್ರಿಡ್ಜ್‌ಗೆ. ನಮ್ಮೂರ ಮೇ ಬಿಸಿಲಲ್ಲಿ 1 ಗಂಟೆಯೊಳಗೆ. ಹಾಲು, ದೋಸೆಗೆ ತಂದ ಬೆಣ್ಣೆಯ ಜಾಗವೂ ಅಲ್ಲೇ.

ಅಮ್ಮಂಗೆ ಬರೀ ಹೇಳಬೇಡ್ರಿ, ಇವತ್ತು ರಾತ್ರಿ ನೀವೇ ಎತ್ತಿಡ್ರಿ.

#ಆನೆಕೊಂಡ #ದಾವಣಗೆರೆ